ನೇರವಾಗಿ ಮಾಲೀಕರ ಹತ್ತಿರ

ಅಣ್ಣನ ಮನೆಯ ಹಜಾರದಲ್ಲಿ ಚಾಪೆ ಹಾಸಿ ಮಲಗಲು ಶುರು ಮಾಡಿದ ಮೇಲೆ ನನ್ನ ಗಂಡನಿಗೆ ನಿದ್ದೆಯೂ ಇಲ್ಲ, ಮಾತೂ ಇಲ್ಲ. ಒಂದು ಚೂರು ಬಟ್ಟೆ ದಂಡ ಮಾಡದ ಕಟಿಂಗ್ ಮಾಸ್ಟರ್ ಅವರು. ದುಡಿಯುತ್ತಿದ್ದ ಟೈಲರ್ ಅಂಗಡಿ ಮುಚ್ಚಿದಾಗಿನಿಂದ ಪೇಪರಿನಲ್ಲಿ ಜಾಹೀರಾತು ಹುಡುಕುವುದು, ಫೋನ್ ಕಾಯುವುದು, ಇಷ್ಟೇ. ಈ ತಿಂಗಳೊಳಗೆ ಬೇರೆ ಮನೆ ನೋಡಿಕೊಳ್ಳಿ ಎಂದು ಅತ್ತಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು. ಕೆಲಸವಿಲ್ಲದವರಿಗೆ ಮನೆ ಕೊಡುವವರು ಯಾರು?

"ಕಾದಿದ್ದು ಸಾಕು. ಕತ್ತರಿ ತಗೊಳ್ಳಿ, ನೇರವಾಗಿ ಮಾಲೀಕರನ್ನೇ ಕೇಳೋಣ" ಎಂದೆ. ಒಬ್ಬರನ್ನೇ ಬಿಟ್ಟರೆ ಬಾಗಿಲಲ್ಲಿ ನಿಂತು ಹಾಗೇ ವಾಪಸ್ ಬರುವ ಆಸಾಮಿ. ಅದಕ್ಕೇ ಜೊತೆಗೆ ಹೋದೆ.

ಹೋದ ಕಡೆಯೆಲ್ಲ ಇಲ್ಲವೆನಿಸಿಕೊಂಡು, ಕೊನೆಗೆ ಸಮವಸ್ತ್ರ ಹೊಲಿಸುವ ಒಂದು ಕಡೆ ಬಂದೆವು. ಮಾಲೀಕ ಇವರನ್ನು ಮೇಲಿಂದ ಕೆಳಗೆ ನೋಡಿ ಒಂದು ಬಟ್ಟೆ ತುಂಡು ಎಸೆದ. "ಇದ್ರಲ್ಲಿ ಎರಡು ಅಂಗಿ ತೆಗೀರಿ ನೋಡೋಣ."

ಈ ಕಸುಬಿನ ಪರೀಕ್ಷೆಯೇ ಹಾಗೆ. ಕತ್ತರಿಸಿದ್ದನ್ನಲ್ಲ, ಉಳಿದ ಚಿಂದಿಯನ್ನು ನೋಡುತ್ತಾರೆ. ಸೀಮೆಸುಣ್ಣ ಹಿಡಿದೊಡನೆ ನನ್ನ ಗಂಡನ ಬಾಗಿದ ಬೆನ್ನು ನೆಟ್ಟಗಾಯಿತು. ಕೊನೆಗೆ ಮೇಜಿನ ಮೇಲೆ ಉಳಿದದ್ದು ಒಂದು ಹಿಡಿ ಚಿಂದಿ.

"ನಾಳೆಯಿಂದ ಬನ್ನಿ" ಎಂದ ಮಾಲೀಕ. ನನಗೆ ಅಲ್ಲೇ ಕುಣಿಯಬೇಕೆನಿಸಿತು.

ಅವನು ಒಳಗೆ ತಿರುಗಿ, "ರೀ ಮಾಸ್ಟರ್, ಸ್ವಲ್ಪ ಬನ್ನಿ ಇಲ್ಲಿ" ಎಂದು ಕೂಗಿದ. ಮಿಷನ್ನುಗಳ ಸಾಲಿನ ಆಚೆಯಿಂದ, ಕುತ್ತಿಗೆಗೆ ಟೇಪು ಹಾಕಿಕೊಂಡ ವಯಸ್ಸಾದವರೊಬ್ಬರು ಬಂದರು. "ನೋಡಿ, ಇಷ್ಟೇ ಬಟ್ಟೇಲಿ ನೀವು ಎಷ್ಟು ದಂಡ ಮಾಡ್ತಿದ್ರಿ! ನಾಳೆಯಿಂದ ಬರೋದು ಬೇಡ."

ಜಾಗ ಖಾಲಿ ಇದೆಯೇ ಎಂದು ನಾವು ಕೇಳಿರಲೇ ಇಲ್ಲ. ಜಾಹೀರಾತು ಕೊಡುವವರ ಹತ್ತಿರ ಜಾಗವಾದರೂ ಇರುತ್ತದೆ. ನಾವು ನುಗ್ಗಿ ಇನ್ನೊಬ್ಬರದನ್ನು ಖಾಲಿ ಮಾಡಿಸಿದ್ದೆವು.

ಮುದುಕರು ಜಗಳಕ್ಕೆ ನಿಲ್ಲಲಿಲ್ಲ. ಚಿಂದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಒಳ್ಳೆ ಕೈ ನಿಮ್ದು" ಎಂದರು. "ನಂಗೀಗ ಗೆರೆ ಸರಿಯಾಗಿ ಕಾಣಲ್ಲ."

ನನ್ನ ಗಂಡ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡರು. "ಬೇಡ, ಬಾ ಹೋಗೋಣ" ಎಂದು ನನ್ನ ಕೈ ಹಿಡಿದೆಳೆದರು. ನಮ್ಮ ಮದುವೆಯಾದ ಮೇಲೆ ಅವರು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ನನಗೆ ಹೆಮ್ಮೆಯೂ ಆಯಿತು, ಅತ್ತಿಗೆ ಕೊಟ್ಟ ಗಡುವೂ ನೆನಪಾಯಿತು.

ಕೈ ಬಿಡಿಸಿಕೊಂಡೆ. ಮುದುಕರ ಕಡೆ ನೋಡದೆ ಮಾಲೀಕನನ್ನು ಕೇಳಿದೆ: "ಬೆಳಿಗ್ಗೆ ಎಷ್ಟು ಗಂಟೆಗೆ ಬರ್ಬೇಕು ಸಾರ್?"