ಬಾಡಿಗೆ ಮಂಜು

ಬುಸ್ ಎನ್ನುತ್ತದೆ ಮತ್ತೆ ಆ ಕರಿ ಡಬ್ಬಿ, ವೇದಿಕೆಯ ಅಡಿಯಲ್ಲಿ ಅವಿತು ಕೂತು ಬಿಳಿ ಹೊಗೆ ಕಾರುತ್ತದೆ, ಹೊಗೆಗೆ ಸುಟ್ಟ ಸಕ್ಕರೆಯ ವಾಸನೆ ಬೇರೆ, ನಾಟಕದವರಿಂದ ಬಾಡಿಗೆಗೆ ತಂದದ್ದಂತೆ, ಮಂಜು ಅತ್ತೆ, ಮಂಜು, ಹೆಂಗಿದೆ, ಎಂದು ಅಳಿಯ ಹಲ್ಲು ಬಿಡುತ್ತಾನೆ, ಮಂಜಂತೆ, ನನ್ನ ತಲೆ, ಈ ಗುಡ್ಡದ ನೆತ್ತಿಗೆ ಮಂಜನ್ನು ಡಬ್ಬಿಯಲ್ಲಿ ಹೊತ್ತು ತರುವ ಕಾಲ ಬಂತು, ತಂದವನಿಗೆ ಎಳ್ಳಷ್ಟೂ ನಾಚಿಕೆಯಿಲ್ಲ — ನರ್ಸ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಲಸಿಕೆ ಪೆಟ್ಟಿಗೆ ಹಿಡಿದು ಇಲ್ಲಿಗೆ ಹತ್ತಿ ಬಂದಿದ್ದೆ, ನಡುಮಧ್ಯಾಹ್ನ ನನ್ನ ಕೈಯೇ ನನಗೆ ಕಾಣದು, ಮೋಡ ಬಂದು ಮರಗಳ ಮೈಮೇಲೆ ಕೂತುಬಿಡುತ್ತಿತ್ತು, ಮಳೆ ಹನಿಯೇ ಇಲ್ಲ, ಕಾಡು ಮಾತ್ರ ತೊಟ್ಟಿಕ್ಕುತ್ತಲೇ ಇತ್ತು, ಪಾಚಿ ಹಿಂಡಿದರೆ ಒದ್ದೆ ಟವೆಲ್ ಹಿಂಡಿದ ಹಾಗೆ, ಆ ತೊಟ್ಟೇ ಮಣ್ಣಿಗಿಳಿದು ತೊರೆಯಾಗಿ ಕೆಳಗೆ ನಮ್ಮ ಆಸ್ಪತ್ರೆಯ ನಲ್ಲಿಯವರೆಗೆ ಬರುತ್ತಿತ್ತು, ಈಗ ಮರವಿದ್ದ ಕಡೆ ಕಾಂಕ್ರೀಟ್ ರಸ್ತೆ, ರಸ್ತೆಯ ಬಾಯಲ್ಲಿ ಇವತ್ತು ಉದ್ಘಾಟನೆಯಾಗುವ ಅಳಿಯನ ಬಡಾವಣೆಯ ಬೋರ್ಡು, ಮೋಡದ ಮಡಿಲಲ್ಲಿ ನಿಮ್ಮ ಮನೆ, ಮೋಡವೋ, ಅಲ್ಲಿದೆ ನೋಡು, ತಲೆಯ ಮೇಲೆ ಎಷ್ಟೋ ಎತ್ತರದಲ್ಲಿ, ಮುಖ ತಿರುಗಿಸಿಕೊಂಡು ಹೋಗುತ್ತಿದೆ, ಯಾಕಾದರೂ ಬಂದೀತು, ಕೂರಲು ಮರವಿಲ್ಲ, ಗುಡ್ಡದ ಬುಡದಿಂದ ಸಮುದ್ರದವರೆಗಿನ ಬಯಲನ್ನೂ ಇವನಂಥವರೇ ಬೋಳಿಸಿ ತಾಳೆಎಣ್ಣೆಯ ಮರ ನೆಟ್ಟರು, ಆ ಬಯಲು ಕಾದು ಮೇಲೆ ಕಳಿಸುವ ಬಿಸಿಗಾಳಿಗೆ ಮೋಡಗಳು ಎತ್ತರ ಎತ್ತರಕ್ಕೆ ಸರಿದವು — ಮೈಕಿನ ಮುಂದೆ ಹಸಿರು ಟೈ ಕಟ್ಟಿದವನೊಬ್ಬ, ಪರಿಸರದ ಸಲಹೆಗಾರನಂತೆ ಇವನು, ಹೊಗೆ ಮೂಗಿಗೆ ಹೊಕ್ಕು ಕೆಮ್ಮುತ್ತಾನೆ, ಕೆಮ್ಮು, ಚೆನ್ನಾಗಿ ಕೆಮ್ಮು, ಹವಾಮಾನ ಬದಲಾವಣೆ ಅನ್ನೋದು ಇಡೀ ಜಗತ್ತಿನ ಸಮಸ್ಯೆ, ನಾವೊಬ್ರೇ ಏನು ಮಾಡಕ್ಕಾಗುತ್ತೆ, ಆದ್ರೂ ನಾವು ಪ್ರತಿ ಮನೆಗೊಂದು ಗಿಡ ಕೊಡ್ತೀವಿ ಎನ್ನುತ್ತಾನೆ, ಚಪ್ಪಾಳೆ, ಗಿಡ ಕುಂಡದಲ್ಲಿ, ಆ ಕುಂಡವೂ ಪ್ಲಾಸ್ಟಿಕ್ಕು, ಜಗತ್ತಿನ ಸಮಸ್ಯೆ ಎಂದರೆ ಎಷ್ಟು ಹಾಯಲ್ಲವೇ, ಯಾರ ಮನೆ ಬಾಗಿಲಿಗೂ ಬರುವುದಿಲ್ಲ, ಹೋದ ಮಳೆಗಾಲ ಬಂದಿತ್ತಲ್ಲ, ಇಡೀ ತಿಂಗಳ ಮಳೆ ಒಂದೇ ಸಂಜೆ ಸುರಿದು ಈ ಗುಡ್ಡದ ಕೆಮ್ಮಣ್ಣು ಆಸ್ಪತ್ರೆಯ ಮೆಟ್ಟಿಲು ಹತ್ತಿತ್ತು, ಹೆರಿಗೆ ವಾರ್ಡಿನಲ್ಲಿ ಆಯಾಗಳು ಮೊರದಿಂದ ಕೆಸರು ಬಾಚಿದರು, ಆಮೇಲೆ ತೊರೆ ಬತ್ತಿಯೇ ಹೋಯಿತು, ಕಲ್ಲುಗಳು ಹಲ್ಲಿನ ಹಾಗೆ ಎದ್ದು ಕೂತವು, ಈಗ ನೋಡು, ಡಯಾಲಿಸಿಸ್‌ಗೂ ಟ್ಯಾಂಕರ್ ನೀರು, ಅಣ್ಣ ಬೆಳಿಗ್ಗೆಯಿಂದ ಅಲ್ಲಿ ಕುರ್ಚಿಯಲ್ಲಿ ಒರಗಿದ್ದಾನೆ, ಕಾಲು ಊದಿಕೊಂಡು ಚಪ್ಪಲಿ ಹಿಡಿಯುತ್ತಿಲ್ಲ, ವಾರ್ಡಿನ ಹುಡುಗಿ ಫೋನು ಮಾಡಿದ್ದಳು, ಮೇಡಂ, ಸಂಪಲ್ಲಿ ನೀರಿಲ್ಲ, ಟ್ಯಾಂಕರ್ ಕಾಯ್ತಾ ಇದ್ದೀವಿ, ಅವಳ ಹಿಂದಿನಿಂದ ಅಣ್ಣನ ದನಿ, ನನ್ನ ಕಿಡ್ನಿಗಿಂತ ಮೊದ್ಲು ಗುಡ್ಡದ್ದು ಕೆಟ್ಟೋಯ್ತು ಅಂತ ಹೇಳಮ್ಮ ಅವಳಿಗೆ, ಉಸಿರು ಕಟ್ಟುತ್ತಿದ್ದರೂ ಕುಹಕ ಬಿಡುವುದಿಲ್ಲ ನನ್ನ ಅಣ್ಣ.

ಗುರ್ ಎಂದು ಗೇಟಿನೊಳಗೆ ನುಗ್ಗಿದ್ದು ಏನದು, ನೀಲಿ ಟ್ಯಾಂಕರ್, ಬಾಗಿಲ ಮೇಲೆ ಗಿಣಿಯ ಚಿತ್ರ, ಇದನ್ನು ನಾನು ಬಲ್ಲೆ, ಆಸ್ಪತ್ರೆಗೆ ಬರುವ ಗಾಡಿ ಇದೇ, ಇದಕ್ಕೆ ಇಲ್ಲಿ ಏನು ಕೆಲಸ, ಪೈಪು ಬಿಚ್ಚಿ ಕಾರಂಜಿಯ ಕೊಳಕ್ಕೆ ಹಾಕುತ್ತಿದ್ದಾರೆ, ನೀರು ಬೀಳುವ ಸದ್ದಿಗೆ ಅತಿಥಿಗಳು ಫೋನು ಎತ್ತುತ್ತಿದ್ದಾರೆ, ನಾನು ಎದ್ದೆ, ಮಂಡಿ ಕಟಕ್ ಎಂದಿತು, ಅನ್ನಲಿ, ಡ್ರೈವರ್ ನನ್ನನ್ನು ಕಂಡು ತಲೆ ತಗ್ಗಿಸಿದ, ಸಿಸ್ಟರ್, ಆಸ್ಪತ್ರೆಗೇ ಹೊರಟಿದ್ದೆ, ಸಾಹೇಬ್ರು ಫೋನ್ ಮಾಡಿ ಮೊದ್ಲು ಇಲ್ಲಿಗೆ ಬಾ ಅಂದ್ರು, ಸಾಹೇಬರು ಓಡೋಡಿ ಬಂದರು, ಬೆವರಿಗೆ ಪೌಡರ್ ಗೆರೆ ಗೆರೆಯಾಗಿದೆ, ಅತ್ತೆ, ಒಂದರ್ಧ ಗಂಟೆ, ಕೊಳ ತುಂಬ್ಲಿ, ಗೆಸ್ಟ್ ಮುಂದೆ ಮರ್ಯಾದೆ ಹೋಗುತ್ತೆ, ಮರ್ಯಾದೆ, ಆ ಪದ ಇವನ ಬಾಯಿಗೆ ಹೇಗೆ ಹಿಡಿಸಿತೋ, ಅಲ್ಲಿ ಕೆಳಗೆ ನನ್ನ ಅಣ್ಣ ಕಾಯ್ತಾ ಇದ್ದಾನೆ ಕಣಯ್ಯ ಅಂದೆ, ಅರ್ಧ ಗಂಟೇಲಿ ಏನೂ ಆಗಲ್ಲ ಅತ್ತೆ, ನೀವು ಸುಮ್ನೆ ಗಾಬರಿ ಬೀಳ್ತೀರ, ನನಗೆ ಹೇಳುತ್ತಾನೆ, ಒಂದು ಜನ್ಮವೆಲ್ಲ ವಾರ್ಡಿನಲ್ಲಿ ಸವೆದವಳಿಗೆ, ಅಷ್ಟರಲ್ಲಿ ಮಗಳು, ರೇಷ್ಮೆಯ ಸದ್ದು ಮಾಡಿಕೊಂಡು, ಅಮ್ಮ, ಇವತ್ತೊಂದು ದಿನ ಬಿಡು, ಎಲ್ರೂ ನೋಡ್ತಿದ್ದಾರೆ, ನೀನೂ ಏನೇ, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ದಾರಿ ಹತ್ತಿಸಿದವನು ಅವನು, ಮಾಮ, ಮೋಡ ಮುಟ್ಟಿದೆ, ಮೋಡ ಮುಟ್ಟಿದೆ ಎಂದು ನೀನು ಕೂಗಿದ್ದು ನಿನಗೆ ಮರೆತೇ ಹೋಯಿತೇ, ಇದನ್ನು ಬಾಯಿಬಿಟ್ಟು ಹೇಳಿದೆನೋ ಒಳಗೇ ಅಂದುಕೊಂಡೆನೋ, ಮಗಳ ಮುಖ ಮಾತ್ರ ಬಿಳಿಚಿತು, ಆಕ್ಸಿಜನ್ ಸಿಲಿಂಡರ್ ತಿರುವಿ ತಿರುವಿ ಪಳಗಿದ ಕೈ ನನ್ನದು, ಟ್ಯಾಂಕರಿನ ವಾಲ್ವು ಯಾವ ಲೆಕ್ಕ, ತಿರುಗಿಸಿದೆ, ನೀರು ನಿಂತಿತು, ಅತ್ತೆ ಏನ್ಮಾಡ್ತಿದೀರ, ಅತ್ತೆ, ಪೈಪು ಸುತ್ತಪ್ಪ ಎಂದೆ ಡ್ರೈವರಿಗೆ, ಅವನು ಸಾಹೇಬರನ್ನು ನೋಡಿದ, ನನ್ನನ್ನು ನೋಡಿದ, ಅವನ ಹೆಂಡತಿಯ ಹೆರಿಗೆ ಮಾಡಿಸಿದವಳು ನಾನು, ಪೈಪು ಸುತ್ತಿದ, ನಾನು ಸೆರಗು ಸಿಕ್ಕಿಸಿಕೊಂಡು ಅವನ ಪಕ್ಕದ ಸೀಟಿಗೆ ಹತ್ತಿ ಬಾಗಿಲು ಬಡಿದೆ, ಮೈಕಿನಲ್ಲಿ ಹಸಿರು ಟೈ ಇನ್ನೂ ಜಗತ್ತನ್ನು ಉಳಿಸುತ್ತಲೇ ಇದ್ದಾನೆ, ವಾರ್ಡಿಗೆ ಫೋನು, ನೀರು ಹೊರಟಿದೆ ಕಣೇ, ಸಂಪಿನ ಮುಚ್ಚಳ ತೆಗೆದಿಡು, ಅಣ್ಣನಿಗೆ ಹೇಳು, ಏನ್ ಹೇಳ್ಲಿ ಮೇಡಂ, ಎಂದಳು, ಏನೂ ಬೇಡ, ನಾನೇ ಬರ್ತೀನಿ ಅಂದೆ, ಗಾಡಿ ಇಳಿಜಾರಿಗೆ ವಾಲಿತು, ಬೆನ್ನ ಹಿಂದೆ ನೀರು ದಡಬಡ ಹೊಯ್ದಾಡುತ್ತಿದೆ, ಬದಿಯ ಕನ್ನಡಿಯಲ್ಲಿ ಗೇಟು, ಗೇಟಿನಲ್ಲಿ ಮಗಳು, ಓಡಿ ಬಂದಿದ್ದಾಳೆ, ಆ ಬಾಡಿಗೆ ಹೊಗೆ ಗೇಟಿನವರೆಗೂ ಹರಿದು ಅವಳ ಸೊಂಟದವರೆಗೆ ಹತ್ತಿದೆ, ಕೈ ಎತ್ತಿದ್ದಾಳೆ, ನಿಲ್ಲಿಸು ಎಂದೋ, ನಾನೂ ಬರುತ್ತೇನೆ ಎಂದೋ, ನಿಲ್ಲಿಸ್ಲಾ ಸಿಸ್ಟರ್, ಬೇಡ, ಹೋಗು, ನೀರು ಮೊದಲು, ತಿರುವು ಬಂತು, ಕನ್ನಡಿಯಲ್ಲಿ ಬರೀ ಬೋಳು ಮಣ್ಣು, ಮತ್ತೊಂದು ತಿರುವು, ಮತ್ತೆ ಗೇಟು, ಈಗ ಚಿಕ್ಕದು, ಮತ್ತೆ ಅದೇ ಕೈ, ಇನ್ನೂ ಇಳಿಸಿಲ್ಲ, ಹೊಗೆಯ ಮೇಲೆ ಮುಖವಿಲ್ಲ, ಸೀರೆಯಿಲ್ಲ, ಕೈಯೊಂದೇ, ಎತ್ತಿದ ಕೈ —