ಕೋಟೆಬಾಗಿಲ ಕೂಗು

ಒಂದಾನೊಂದು ಕಾಲದಲ್ಲಿ ರಾಮದುರ್ಗದ ಸೀಮೆಯ ಒಂದು ಗುಡ್ಡದ ನೆತ್ತಿಯ ಮೇಲೆ ಮರಾಠರ ಕೋಟೆಯಿತ್ತಂತೆ. ಹೊತ್ತು ಮುಳುಗಿ ಬಾಗಿಲು ಮುಚ್ಚುವ ಮೊದಲು ಕೂಗುವವನೊಬ್ಬ ಇಳಿಜಾರಿನತ್ತ ಮುಖ ಮಾಡಿ, "ಹೊರಗ ಯಾರರ ಉಳದೀರೇನ್ರಿ?" ಎಂದು ಕೂಗಬೇಕು. ಓ ಎಂದವರು ಒಳಗೆ ಬರುವ ತನಕ ಬಾಗಿಲು ಅಲುಗಾಡಕೂಡದು. ಕೋಟೆ ಶರಣಾದ ಸಂಜೆ ಮಾತ್ರ ಇಂಗ್ಲಿಷರ ದಂಡು ಅವನನ್ನು ಕೂಗಗೊಡದೆ ಹೊರಗೆ ನೂಕಿತು.

ಆ ಕೂಗುವವನು ಸುರೇಬಾನ ಊರಿನ ಬಾಯವ್ವಜ್ಜಿಯ ಮುತ್ತಜ್ಜ. "ಹೊರಗ ಉಳದಾವ್ರು ಇನ್ನೂ ಕಾಯಾಕ ಹತ್ಯಾರ, ತಂಗಿ. ಒಮ್ಮಿ ಕರದು, ಒಳಗ ತಗೊಂಡು, ಬಾಗಲಾ ಮುಚ್ಚಿ ಬಾ," ಎಂದು ಸಾಯುವ ಮುಂಚೆ ಅಜ್ಜಿ ಮೊಮ್ಮಗಳು ಶೆಟ್ಟೆವ್ವನಿಂದ ಮಾತು ತೆಗೆದುಕೊಂಡಿದ್ದಳು.

ಮನೆಯಲ್ಲಿ ಹೇಳಿದರೆ ನಕ್ಕರು. "ಬೈಲಹೊಂಗಲಕ್ಕ ಸೊಸಿಯಾಗಿ ಹೋಗಾಕಿ, ಗುಡ್ಡದಾಗ ದೆವ್ವ ಕರೀತಾಳಂತ," ಎಂದಳು ಅಕ್ಕ ಸೀತವ್ವ. ಮದುವೆಗೆ ವಾರವಷ್ಟೇ ಉಳಿದಿತ್ತು. ಆಮೇಲೆ ಯಾರು ಕಳಿಸುತ್ತಾರೆ? ೧೯೭೪ರ ಮಾಘದ ಆ ಸಂಜೆ, ರಾಮದುರ್ಗದಿಂದ ಕುಪ್ಪಸ ತರುತ್ತೇನೆಂದು ಸುಳ್ಳು ಹೇಳಿ ಶೆಟ್ಟೆವ್ವ ಒಬ್ಬಳೇ ಗುಡ್ಡ ಹತ್ತಿದಳು.

ಬಾಗಿಲೇ ಇರಲಿಲ್ಲ. ಬರಿ ಕಮಾನು, ಆಚೆಗೆ ಒಣಗಿದ ಹೊಂಡ, ಗಾಳಿಗೆ ಬಾಗಿದ ಹುಲ್ಲು. ಅಜ್ಜಿಯ ಬಾಯಲ್ಲಿ ಕುದುರೆ, ನಗಾರಿ, ಅಡುಗೆಯ ಹೊಗೆಯಿಂದ ತುಂಬಿದ್ದ ಜಾಗ ಇಷ್ಟೇ ಏನು? ಕೇಳುವವರು ಯಾರೂ ಇಲ್ಲ, ಆದರೂ ನಾಚಿಕೆಯಾಯಿತು. ಕಣ್ಣು ಮುಚ್ಚಿ ಕೂಗಿದಳು.

"ಹೊರಗ ಯಾರರ ಉಳದೀರೇನ್ರಿ?"

ಗಾಳಿ. ಆಮೇಲೆ ಕೆಳಗಿನಿಂದ, "ಓ... ನಾ ಅದೇನಿ. ತಡೀರಿ."

ಶೆಟ್ಟೆವ್ವ ಕಣ್ಣು ತೆರೆದಳು. ಪೊದೆಗಳ ನಡುವೆ ಮುಳ್ಳುಕಟ್ಟಿಗೆಯ ಹೊರೆ ಹೊತ್ತ ಮುದುಕಿಯೊಬ್ಬಳು ಕುಂಟುತ್ತ ಏರುತ್ತಿದ್ದಳು. ಅಷ್ಟರಲ್ಲಿ ಗುಡ್ಡದ ಕೆಳಗಿನ ರಸ್ತೆಯಲ್ಲಿ ಸುರೇಬಾನದ ಕೊನೆಯ ಬಸ್ಸು ಧೂಳೆಬ್ಬಿಸಿ ಬಂತು. ಓಡಿದರೆ ಸಿಗುತ್ತಿತ್ತು. ಆದರೆ ಓ ಎಂದವಳು ಇನ್ನೂ ಹೊರಗಿದ್ದಳು. ಬಸ್ಸು ನಿಂತಿತು, ಹೊರಟಿತು, ಚುಕ್ಕೆಯಾಯಿತು.

ಮುದುಕಿ ಕಮಾನಿನೊಳಗೆ ಬಂದು ಹೊರೆ ಇಳಿಸಿದಳು. "ಕೆಳಗಿನ ಊರಿನ ಜುಬೇದಾಬಿ ನಾ. ಯಾಕ ಕರದಿ ಬೇಟಿ? ನನ್ನ ಯಾರರ ಕರದು ಭಾಳ ವರ್ಷ ಆತು."

ಶೆಟ್ಟೆವ್ವ ಎಲ್ಲ ಹೇಳಿದಳು. ಮುದುಕಿ ನಗಲಿಲ್ಲ. "ಹಂಗಾದ್ರ ಮುಚ್ಚು. ಬಾಗಲಾ ಇಲ್ಲಂದ್ರ ನನ್ನ ಮುಳ್ಳು ತಗೋ."

"ಮತ್ತ ನಾವು ಹೊರಗ ಹೆಂಗ ಹೋಗೂದು?"

"ಆ ಕಡಿ ಗೋಡಿ ಬಿದ್ದೈತಿ, ಆನಿ ಸೈತ ಹಾಯತೈತಿ. ಇವತ್ತ ನನ್ನ ಮನ್ಯಾಗ ಇರು. ಮೊದಲ ಎಲ್ಲಾರೂ ಬಂದಾರೇನು ಕೇಳು."

ಶೆಟ್ಟೆವ್ವ ಮತ್ತೆ ಕೂಗಿದಳು. ಇಬ್ಬರೂ ಕಿವಿಗೊಟ್ಟು ನಿಂತರು. ಬಹಳ ಹೊತ್ತಾದರೂ ಇಳಿಜಾರಿನಿಂದ ಯಾರೂ ಓ ಎನ್ನಲಿಲ್ಲ. ಆಗ ಶೆಟ್ಟೆವ್ವ ಹೊರೆಯ ಜಾಲಿಯ ಕೊಂಬೆಗಳನ್ನು ಒಂದೊಂದಾಗಿ ಎತ್ತಿ ಕಮಾನಿಗೆ ಅಡ್ಡ ಇಟ್ಟು ಬಾಗಿಲು ಮುಚ್ಚಿದಳು.