ಮೇಜಿನ ಕೆಳಗಿನ ಬುಟ್ಟಿ

ಗುಬ್ಬಿ ಓದುತ್ತಿದ್ದುದು ಕಂಪ್ಯೂಟರ್ ವಿಜ್ಞಾನ, ಕೊನೆಯ ವರ್ಷ. ನಾಲ್ಕು ವರ್ಷದವಳಾಗಿದ್ದಾಗ ಅಮ್ಮನ ಜೊತೆ ಹೊಲಿಗೆ ಕಾರ್ಖಾನೆಗೆ ಬಂದು, ಬಟ್ಟೆಚೂರು ಹೆಕ್ಕಿ ಮೇಜಿನಡಿ ಗೂಡು ಮಾಡಿಕೊಂಡಿದ್ದಕ್ಕೆ ದೊಡ್ಡಮ್ಮ ಇಟ್ಟ ಹೆಸರೇ ನಿಂತುಬಿಟ್ಟಿತ್ತು. ದೊಡ್ಡಮ್ಮ ರಕ್ತಸಂಬಂಧಿಯೇನಲ್ಲ, ಹನ್ನೆರಡು ಯಂತ್ರಗಳ ಆ ಸಾಲಿನಲ್ಲಿ ಕೂತವರಿಗೆಲ್ಲ ಆಕೆ ದೊಡ್ಡಮ್ಮನೇ. ಮಗುವಿನ ತಲೆಗೆ ತಾಗದಿರಲೆಂದು ಮೇಜಿನ ಮೂಲೆಗೆ ಬಟ್ಟೆ ಸುತ್ತಿದವಳೂ ಆಕೆಯೇ. ಆ ಬಟ್ಟೆ ಸವೆದು ಉದುರಿ ಎಷ್ಟೋ ವರ್ಷವಾಗಿತ್ತು.

ಗುಬ್ಬಿಗೆ ಸಿನಿಮಾ ಹುಚ್ಚಿಲ್ಲ, ಅಲಂಕಾರದ ಹುಚ್ಚಿಲ್ಲ. ಎಲ್ಲಿ ಸಾಲು ಕಂಡರೂ ಅದು ಮುಂದೆ ಯಾಕೆ ಸರಿಯುತ್ತಿಲ್ಲ ಎಂದು ಹುಡುಕುವ ಹುಚ್ಚು. ಬಸ್ಸಿನ ಸಾಲು ನೋಡುತ್ತ ನಿಂತು ಬಸ್ಸನ್ನೇ ಬಿಟ್ಟವಳು. ಅದಕ್ಕೇ ಕಾರ್ಖಾನೆಯಲ್ಲಿ ಕೆಲಸ ಎಲ್ಲಿ ತಡೆಯುತ್ತದೆಂದು ತೋರಿಸುವ ಪ್ರೋಗ್ರಾಮ್ ಬರೆದಳು. ಅಂಗಿ ಮುಗಿಸಿದವರು ಅದರ ಚೀಟಿಯನ್ನು ತಮ್ಮ ಮೇಜಿನ ಸ್ಕ್ಯಾನರಿನ ಕೆಂಪು ಬೆಳಕಿಗೆ ಹಿಡಿದರೆ ಅವರ ಹೆಸರಿಗೆ ಒಂದು ಅಂಗಿ ಸೇರುತ್ತಿತ್ತು. "ನಿಜವಾಗಿ ಕೆಲಸಕ್ಕೆ ಬಂತು ಅಂತ ಯಜಮಾನರಿಂದ ಕಾಗದ ತಾ, ಸಂಶೋಧನೆಗೆ ನನ್ನ ಹತ್ತಿರಾನೇ ಸೇರಿಸ್ಕೋತೀನಿ" ಎಂದಿದ್ದರು ಕಾಲೇಜಿನ ಮೇಡಂ. ಮೂರು ವರ್ಷದಿಂದ ಅವಳು ಕಾದಿದ್ದ ಮಾತು ಅದು.

ಶುಕ್ರವಾರ ಯಜಮಾನರು ಪ್ರೋಗ್ರಾಮ್ ಕೊಟ್ಟ ಪಟ್ಟಿಯನ್ನು ಗೋಡೆಗೆ ಅಂಟಿಸಿದರು. ಎಲ್ಲರದೂ ದಿನಕ್ಕೆ ನಲವತ್ತರ ಆಸುಪಾಸು. ಕಟ್ಟಕಡೆಗೆ ದೊಡ್ಡಮ್ಮ, ಹತ್ತೊಂಬತ್ತು.

"ಒಳ್ಳೇ ಉಪಕಾರ ಮಾಡಿದೆಯಮ್ಮ. ಬರೋ ತಿಂಗಳಿಂದ ಆಕೆ ಬರೋದು ಬೇಡ. ನಿನ್ನ ಕಾಗದ ಸೋಮವಾರ ತಗೊಂಡು ಹೋಗು" ಎಂದರು.

ಗುಬ್ಬಿ ಶನಿವಾರ ಬೆಳಗ್ಗೆಯೇ ಬಂದು ದೊಡ್ಡಮ್ಮನ ಪಕ್ಕ ಸ್ಟೂಲು ಎಳೆದುಕೊಂಡಳು.

"ಏನೇ ಗುಬ್ಬಿ, ಮೇಜಿನ ಕೆಳಗೆ ಹಿಡಿಸಲ್ಲ ಅಂತ ಮೇಲೆ ಕೂತ್ಯಾ?"

"ನನ್ನ ಮೇಲೆ ಕೋಪ ಇಲ್ವಾ ದೊಡ್ಡಮ್ಮ?"

"ಹತ್ತೊಂಬತ್ತು ಅಂದ್ರೆ ಹತ್ತೊಂಬತ್ತೇ. ಲೆಕ್ಕದ ಜೊತೆ ಜಗಳ ಆಡೋಕಾಗತ್ತಾ? ಕೂತ್ಕೋ ಸುಮ್ನೆ."

ಅಷ್ಟರಲ್ಲಿ ಆ ಕಡೆ ಹೋಗುತ್ತಿದ್ದ ಹುಡುಗಿಯೊಬ್ಬಳು ನಿಲ್ಲದೆಯೇ ಮೇಜಿನ ಕೆಳಗಿನ ಬುಟ್ಟಿಗೆ ಒಂದು ಅಂಗಿ ಹಾಕಿದಳು. ಸ್ವಲ್ಪ ಹೊತ್ತಿಗೆ ಸಾಲಿನ ಆ ತುದಿಯಿಂದ, ಅಮ್ಮ ಕೂತಿದ್ದ ಕಡೆಯಿಂದ, ಇನ್ನೊಬ್ಬಳು. ದೊಡ್ಡಮ್ಮ ಸೊಟ್ಟ ಕಾಲರುಗಳನ್ನು ಬಿಚ್ಚಿ, ನೇರವಾಗಿ ಹೊಲಿದು, ಚೀಟಿ ಮುಟ್ಟದೆ ಅವರವರಿಗೇ ಹಿಂದಿರುಗಿಸುತ್ತಿದ್ದಳು. ಚೀಟಿ ಬೆಳಕಿಗೆ ಹಿಡಿಯುವವರು ಅವರು. ಗುಬ್ಬಿಯ ಪ್ರೋಗ್ರಾಮಿಗೆ ಕಾಣುತ್ತಿದ್ದುದು ಅಷ್ಟೇ. ಸಂಜೆಯೊಳಗೆ ಅವಳು ಇಪ್ಪತ್ಮೂರು ಅಂಗಿ ಎಣಿಸಿದಳು. ಹದಿನಾಲ್ಕರ ಚೀಟಿಯ ಮೇಲೆ ಒಂದೇ ಮೇಜಿನ ನಂಬರ್.

"ಇದು ಅಮ್ಮಂದು."

ದೊಡ್ಡಮ್ಮನ ಕಾಲು ಪೆಡಲಿನ ಮೇಲೆ ನಿಂತಿತು. "ಬಾಯಿ ಬಿಟ್ಟೀಯ, ಜೋಕೆ! ಎಡಗಣ್ಣಿಗೆ ಪೊರೆ ಬಂದು ವರ್ಷ ಆಯ್ತು. ನಿನ್ನ ಓದು ಮುಗಿಯೋವರೆಗೂ ಯಾರಿಗೂ ಹೇಳಬೇಡಿ ಅಂತ ನನ್ನಿಂದ ಮಾತು ತಗೊಂಡಿದಾಳೆ. ನಾನು ಒಂಟಿ ಜೀವ, ಹೇಗೋ ಆಗತ್ತೆ."

ವರ್ಷದಿಂದ ಅಮ್ಮ ಮನೆಯಲ್ಲಿ "ಸೂಜಿಗೆ ದಾರ ಹಾಕಿಕೊಡೇ" ಎನ್ನುತ್ತಿದ್ದುದು ಗುಬ್ಬಿಗೆ ಆಗ ನೆನಪಾಯಿತು. ಕಂಪ್ಯೂಟರ್ ಪರದೆಯಿಂದ ಕಣ್ಣೆತ್ತದೆ ಹಾಕಿಕೊಟ್ಟಿದ್ದಳು. ಒಂದು ದಿನವೂ ಯಾಕೆ ಎಂದು ಕೇಳಿರಲಿಲ್ಲ.

ಭಾನುವಾರ ಅಮ್ಮ ಮತ್ತೆ ಸೂಜಿ ಚಾಚಿದಾಗ ಗುಬ್ಬಿ ದಾರ ಹಾಕಿ, ಆ ಕೈಯನ್ನು ಬಿಡದೆ ಎದುರಿಗೆ ಕೂತಳು.

"ಬಲಗಣ್ಣು ಮುಚ್ಚಿಕೋ ಅಮ್ಮ. ಇದು ಎಷ್ಟು ಬೆರಳು?"

"ನಾನೇನು ಒಂದನೇ ಕ್ಲಾಸಾ?" ಎಂದು ಗದರಿದ ಅಮ್ಮ ಮರುಕ್ಷಣ ತಣ್ಣಗಾದಳು. "ದೊಡ್ಡಮ್ಮ ಹೇಳಿದ್ರಾ?"

"ಬುಟ್ಟಿ ನೋಡಿದೆ."

"ಆ ಪಟ್ಟಿ ನೋಡಿದಾಗಿಂದ ಗಂಟಲಲ್ಲಿ ತುತ್ತು ಇಳೀತಿಲ್ಲ ಕಣೇ. ಹೇಳಿಬಿಡೋಣ ಅಂದ್ರೆ ನಿನ್ನ ಲೆಕ್ಕ ತಪ್ಪು ಅಂತಾಗಿ ಕಾಗದ ಹೋಗತ್ತೆ."

"ಹೋಗಲಿ" ಎಂದಳು ಗುಬ್ಬಿ.

ಸೋಮವಾರ ಯಜಮಾನರ ಕೋಣೆಯಲ್ಲಿ ಅವಳು ಬಾಯಿ ತೆರೆಯುವ ಮೊದಲೇ ಅಮ್ಮ ಒಂದು ಅಂಗಿಯನ್ನು ಮೇಜಿನ ಮೇಲಿಟ್ಟಳು. "ಇದು ನಾನು ಹೊಲಿದಿದ್ದು ಸರ್. ದೊಡ್ಡಮ್ಮನ ಕೈಗೆ ಕೊಡದೆ ಹಾಗೇ ತಂದಿದೀನಿ."

ಕಾಲರಿನ ಒಂದು ತುದಿ ಇನ್ನೊಂದಕ್ಕಿಂತ ಬೆರಳಗಲ ಮೇಲಿತ್ತು.

"ಹಾಗಾದ್ರೆ ಕಂಪ್ಯೂಟರ್ ಲೆಕ್ಕ ಸುಳ್ಳಾ?"

"ನಾನು ಎಣಿಸಿದ್ದೇ ತಪ್ಪು ಸರ್" ಎಂದಳು ಗುಬ್ಬಿ. "ದೊಡ್ಡಮ್ಮ ಸರಿ ಮಾಡಿಕೊಡೋ ಅಂಗಿಗಳು ಅದರಲ್ಲಿಲ್ಲ."

ಯಜಮಾನರು ಅಂಗಿಯನ್ನು ತಿರುಗಿಸಿ ನೋಡಿದರು. ಸಹಿ ಹಾಕಿದ್ದ ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿದರು. ದೊಡ್ಡಮ್ಮ ಇರಲಿ ಎಂದರು. ಅಮ್ಮನಿಗೆ, "ಕಣ್ಣು ಸರಿ ಮಾಡಿಸ್ಕೊಂಡು ಬನ್ನಿ, ಆಮೇಲೆ ನೋಡೋಣ" ಎಂದರು. ಕೆಲಸ ಹಾಗೇ ಇರುತ್ತದೆಂದು ಹೇಳಲಿಲ್ಲ.

ಅಮ್ಮ ತನ್ನ ಯಂತ್ರವನ್ನು ಒರೆಸಿ, ಹೊದಿಕೆ ಹಾಕಿದಳು. ಯಂತ್ರಗಳೆಲ್ಲ ಒಂದು ಗಳಿಗೆ ನಿಂತವು. ದೊಡ್ಡಮ್ಮ ಮಾತ್ರ ತಲೆ ಎತ್ತಲಿಲ್ಲ. ಮುಖ ಕೋಪದಿಂದ ಬಿಗಿದಿತ್ತು.

ಅಮ್ಮನ ಚೀಲ ಎಂದಿನಂತೆ ದೊಡ್ಡಮ್ಮನ ಮೇಜಿನಡಿ, ಬುಟ್ಟಿಯ ಪಕ್ಕದಲ್ಲಿತ್ತು. ಗುಬ್ಬಿ ಬಗ್ಗಿ ಅದನ್ನು ತೆಗೆದುಕೊಂಡು, ಕಣ್ಣೀರಿನಲ್ಲಿ ಏನೂ ಕಾಣದೆ ದಡಕ್ಕನೆ ಎದ್ದಳು. ತಲೆಗೆ ಮರದ ಮೂಲೆ ತಾಗಲಿಲ್ಲ, ಮೆತ್ತಗಿನದೇನೋ ತಾಗಿತು. ದೊಡ್ಡಮ್ಮ ಇನ್ನೂ ಬೇರೆ ಕಡೆಗೇ ನೋಡುತ್ತಿದ್ದಳು. ಅಂಗೈ ಮಾತ್ರ ಮೇಜಿನ ಮೂಲೆಯ ಮೇಲಿತ್ತು.